ಅಪ್ಪ-ಅಮ್ಮನಿಗೂ ಮಕ್ಕಳಿಗೂ ಒಂದೇ ಹೆಲ್ತ್ ಪಾಲಿಸಿಯಾ, ಬೇರೆ ಬೇರೆಯಾ?

ಅಪ್ಪ-ಅಮ್ಮನನ್ನು ನಮ್ಮ ಫ್ಯಾಮಿಲಿ ಫ್ಲೋಟರ್‌ಗೇ (ಒಂದೇ ವಿಮಾ ಮೊತ್ತವನ್ನು ಮನೆಯವರೆಲ್ಲ ಹಂಚಿಕೊಳ್ಳುವ ಪಾಲಿಸಿ) ಸೇರಿಸಲಾ, ಬೇರೆ ಪಾಲಿಸಿ ಮಾಡಿಸಲಾ ಅಂತ ಕೇಳಿದ್ದೀರಿ.

ಮೊದಲು ಪ್ರೀಮಿಯಂ. ಫ್ಲೋಟರ್‌ನಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಹಿರಿಯರ ವಯಸ್ಸೇ ಲೆಕ್ಕ. 68ರ ಅಪ್ಪ ಸೇರಿದರೆ ಇಡೀ ಪಾಲಿಸಿ ದುಬಾರಿ. ಬೇರೆ ಮಾಡಿಸಿದರೆ ನಿಮ್ಮದು ಅಗ್ಗ, ಅವರದು ಜಾಸ್ತಿ.

ಅದಕ್ಕಿಂತ ಮುಖ್ಯ, ದುಡ್ಡು ಯಾರಿಗೆ ಉಳಿಯುತ್ತದೆ ಅನ್ನುವುದು. ನಮ್ಮದು 5 ಲಕ್ಷದ ಫ್ಲೋಟರ್. ಮೇ ತಿಂಗಳಲ್ಲಿ ಅಮ್ಮನ ಮಂಡಿ ಆಪರೇಷನ್‌ಗೆ ನಾಲ್ಕು ಲಕ್ಷದ ಮೇಲೆ ಹೋಯಿತು. ಆಗಸ್ಟ್‌ನಲ್ಲಿ ಮಗಳಿಗೆ ಡೆಂಗಿ. ಜಯನಗರದ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರ್‌ನಲ್ಲಿ ಉಳಿದದ್ದೆಷ್ಟು ಅಂತ ವಿಚಾರಿಸುತ್ತಿದ್ದೆ. ಪಕ್ಕದಲ್ಲಿ ಅಮ್ಮ, ತಪ್ಪೆಲ್ಲ ತನ್ನದೇ ಅನ್ನುವ ಹಾಗೆ ಸೆರಗು ಹಿಂಡುತ್ತಾ. ಆ ಮುಜುಗರ ಬೇಡ ಅಂದರೆ ಬೇರೆ ಪಾಲಿಸಿಯೇ ವಾಸಿ.

ಮೊದಲೇ ಇರುವ ಬಿಪಿ, ಶುಗರ್‌ಗೆ ಕವರ್ ಸಿಗಲು ಎರಡೂ ಬಗೆಯ ಪಾಲಿಸಿಯಲ್ಲಿ ಹೆಚ್ಚೆಂದರೆ 3 ವರ್ಷ ಕಾಯಬೇಕು. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ, 60 ದಾಟಿದ ಹೆತ್ತವರ ಪ್ರೀಮಿಯಂಗೆ ತೆರಿಗೆ ಲೆಕ್ಕದ ಆದಾಯದಲ್ಲಿ 50,000 ರೂಪಾಯಿವರೆಗೆ ಕಡಿತವೂ ಸಿಗುತ್ತದೆ.

ಹೆತ್ತವರು 55ರ ಆಸುಪಾಸು, ಗಟ್ಟಿಮುಟ್ಟು, ನಿಮ್ಮ ಕೈ ಸ್ವಲ್ಪ ಬಿಗಿಯಾ? ಸದ್ಯಕ್ಕೆ ಫ್ಲೋಟರ್ ಸಾಕು. 65 ದಾಟಿ ಮಾತ್ರೆ ಡಬ್ಬಿ ತುಂಬಿದ್ದರೆ ಬೇರೆಯೇ ಮಾಡಿಸಿ. ಸಹಿಗೆ ಮುಂಚೆ ಕೋ-ಪೇ (ಬಿಲ್ಲಿನಲ್ಲಿ ನಾವೇ ಕೊಡಬೇಕಾದ ಪಾಲು) ಎಷ್ಟು, ರೂಮ್ ಬಾಡಿಗೆಗೆ ಮಿತಿ ಎಷ್ಟು ಅಂತ ಓದಿಕೊಳ್ಳಿ.