ಮಂಡ್ಯದಲ್ಲಿ ಕಾರಿನ ಆಯಿಲ್ ಬದಲಾಯಿಸೋರು ಓದಿ: ದುಡ್ಡು ಹೊಸ ಫಿಲ್ಟರಿಗೆ, ಕೂತಿದ್ದದ್ದು ಹಳೇದೇ

ಅಂಗಡಿ ಹೆಸರು ಬರೆಯಲ್ಲ, ಕೇಳಬೇಡಿ. ಹಳೇ ಬೆಂಗಳೂರು-ಮೈಸೂರು ರಸ್ತೆ ಅಂತ ಮಾತ್ರ ಹೇಳ್ತೀನಿ. ಅದೇ ರಸ್ತೆಯಲ್ಲಿ ನೆಟ್ಟಗೆ ಕೆಲಸ ಮಾಡೋರೂ ಇದ್ದಾರೆ, ಅವರ ಹೊಟ್ಟೆ ಮೇಲೆ ಹೊಡೆಯೋ ಮನಸ್ಸಿಲ್ಲ. ಆದರೆ ಹದಿನೈದು ದಿನದಿಂದ ಹೊಟ್ಟೆ ಉರೀತಿದೆ. ಮನೆಯಲ್ಲಿ ಹೇಳಿಕೊಳ್ಳೋಕೆ ನಾಚಿಕೆ, ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳೋಕೆ ಇನ್ನೂ ನಾಚಿಕೆ. ಯಾಕಂದ್ರೆ ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡೋ ಮೇಷ್ಟ್ರು. ಮೂರು ಲೀಟರ್ ಚಿಲ್ಲರೆ ಹಿಡಿಯೋ ಕಾರಿಗೆ ನಾಲ್ಕು ಲೀಟರಿನ ದುಡ್ಡು ಎಣಿಸಿಕೊಟ್ಟು, ಥ್ಯಾಂಕ್ಸ್ ಬೇರೆ ಹೇಳಿ ಬಂದವನು.

ಕಾರು 2016ರ ಸ್ವಿಫ್ಟ್, ಪೆಟ್ರೋಲ್. ಇಷ್ಟು ವರ್ಷ ಮೈಸೂರಿನ ಬನ್ನಿಮಂಟಪದ ಕಡೆ ಒಬ್ಬ ಹಳೇ ಮೇಸ್ತ್ರಿ ಹತ್ತಿರವೇ ಬಿಡ್ತಿದ್ದೆ. ಹತ್ತು ಸಾವಿರ ಕಿಲೋಮೀಟರ್ ಇಲ್ಲಾ ಒಂದು ವರ್ಷ, ಯಾವುದು ಮೊದಲೋ ಅದು. ಈ ಸಲ ಸೋಮಾರಿತನ. ಬರೀ ಆಯಿಲ್ ಚೇಂಜಿಗೆ ಮೈಸೂರಿನ ತನಕ ಯಾರು ಹೋಗ್ತಾರೆ ಅನ್ನಿಸ್ತು. ಮುಂದಿನ ವಾರ ಅತ್ತೆ ಮಾವನನ್ನು ಕೂರಿಸಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗೋದಿತ್ತು. ಐದು ಜನ, ಘಾಟಿ ರಸ್ತೆ. ಆಯಿಲ್ ಹೊಸದಿರಲಿ ಅಂತ ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಸೀದಾ ಇಲ್ಲಿಗೇ ಹೋದೆ.

ಗಲ್ಲಾದಲ್ಲಿದ್ದವನು ಎದ್ದು ಬಂದ. "ಬನ್ನಿ ಸಾ, ಕೂತ್ಕಳಿ. ಏನ್ ಕೆಲ್ಸ ತಮ್ದು?" ಮೇಷ್ಟ್ರು ಅಂದೆ. "ಹಂಗಾರೆ ನಮ್ಗೂ ಗುರುಗಳೇ ಬುಡಿ." ನಾನು ಜಾರಿದ್ದೇ ಇಲ್ಲಿ. ಮ್ಯಾನುಯಲ್‌ನಲ್ಲಿ ಆಯಿಲ್ ಗ್ರೇಡ್ 5ಡಬ್ಲ್ಯೂ-30 ಅಂತಿದೆ, ಅದೇ ಬೇಕು ಅಂದೆ. ದಡ್ಡನಲ್ಲ ಅಂತ ತೋರಿಸಿಕೊಳ್ಳೋ ಚಟ ನೋಡಿ. "ಅದೇ ಹಾಕದು ಸಾ, ಫುಲ್ ಸಿಂಥೆಟಿಕ್ಕು" ಅಂತ ರ‍್ಯಾಕಿನಲ್ಲಿ ಸಾಲಾಗಿದ್ದ ಸೀಲ್ ಕ್ಯಾನ್ ಕಡೆ ಕೈ ತೋರಿಸಿದ. ತೋರಿಸಿದ್ದಷ್ಟೇ. ಅದರಲ್ಲಿ ಒಂದನ್ನೂ ನನ್ನ ಕಣ್ಣೆದುರು ಒಡೆಯಲಿಲ್ಲ.

ಆಮೇಲೆ ಏರ್ ಫಿಲ್ಟರ್ ನಾಟಕ. ಹುಡುಗ ಬಾನೆಟ್ ಎತ್ತಿ ಅದರ ಹಿಂದೆ ಏನೋ ಮಾಡ್ತಿದ್ದ. ಒಂದು ನಿಮಿಷಕ್ಕೆ ಕಪ್ಪು ಹಿಡಿದ ಫಿಲ್ಟರ್ ಒಂದು ಹೊರಗೆ ಬಂತು. ಮಡಿಕೆಗಳ ಮಧ್ಯೆ ಧೂಳು, ಒಣಗಿದ ಬೇವಿನೆಲೆ. "ಇದ್ರಲ್ಲೇ ಉಸ್ರಾಡ್ತಾ ಐತಲ್ಲ ಸಾ ನಿಮ್ ಗಾಡಿ!" ಮಗುವಿಗೆ ವರ್ಷಗಟ್ಟಲೆ ಊಟ ಹಾಕದವನ ಹಾಗೆ ತಲೆ ತಗ್ಗಿಸಿ ನಿಂತೆ. ನಮ್ಮ ಕಾರು ನಿಲ್ಲೋದು ಶೀಟು ಹಾಕಿದ ಶೆಡ್ಡಿನಲ್ಲಿ, ಹತ್ತಿರದಲ್ಲೆಲ್ಲೂ ಬೇವಿನ ಮರವೇ ಇಲ್ಲ, ಆ ಫಿಲ್ಟರನ್ನು ಹೋದ ವರ್ಷ ತಾನೇ ಬದಲಾಯಿಸಿದ್ದೇವೆ ಅನ್ನೋದೆಲ್ಲ ಹೊಳೆದದ್ದು ಮನೆಗೆ ಬಂದ ಮೇಲೆ.

"ಬಿಸ್ಲು ಸಾ, ಟೀ ಕುಡ್ಕಂಡ್ ಬನ್ನಿ, ನಾನ್ ಹೇಳ್ತೀನಿ ಅಂಗ್ಡಿಯವನಿಗೆ." ಹೋದೆ. ಇಪ್ಪತ್ತು ನಿಮಿಷ. ಟೀ ದುಡ್ಡು ಅವನದೇ. ನನ್ನ ಜೀವಮಾನದ ಅತಿ ದುಬಾರಿ ಟೀ ಅದು. ವಾಪಸ್ ಬರೋಷ್ಟರಲ್ಲಿ ಕೆಲಸ ಮುಗಿದಿತ್ತು, ಗಾಜು ಕೂಡ ಒರೆಸಿದ್ದರು. ಹೊಸ ಆಯಿಲ್ ಫಿಲ್ಟರಿನ ಖಾಲಿ ಡಬ್ಬ ಎತ್ತಿ ತೋರಿಸಿದ. "ನೋಡಿ ಸಾ, ಒರಿಜಿನಲ್ಲು." ನಾನು ಕೈ ಚಾಚಿದರೆ, "ಡಬ್ಬ ಇಲ್ಲೇ ಇರ್ಲಿ ಸಾ, ಕಸಕ್ಕೆ ಹಾಕ್ತೀವಿ." ಎಷ್ಟು ಜನಕ್ಕೆ ತೋರಿಸಿದ ಡಬ್ಬವೋ ಅದು!

ಚೀಟಿ ನನ್ನ ಮುಂದೇ ಇದೆ, ನೋಡಿಕೊಂಡೇ ಬರೀತಿದ್ದೀನಿ. ಆಯಿಲ್ 4 ಲೀಟರ್ 2,200. ಆಯಿಲ್ ಫಿಲ್ಟರ್ 450. ಏರ್ ಫಿಲ್ಟರ್ 480. ಇಂಜಿನ್ ಫ್ಲಶ್, ಅಂದರೆ ಒಳಗಿನ ಕೊಳೆ ತೊಳೆಯೋದು, 600. ಕೂಲಿ 300. ಒಟ್ಟು 4,030. "ಗುರುಗಳಿಗೆ ಮೂವತ್ತು ಬಿಟ್ಟೆ." ಫೋನಲ್ಲಿ ನಾಲ್ಕು ಸಾವಿರ ಕಳಿಸಿದೆ. ಮೇಲ್ಗಡೆ ಏನು ಅಚ್ಚಾಗಿದೆ ಅಂತಲೂ ನೋಡಲಿಲ್ಲ. "ಎಸ್ಟಿಮೇಟ್" ಅಂತಿದೆ. ಬಿಲ್ಲೇ ಅಲ್ಲ ಅದು.

ಮೂರನೇ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಆಯಿಲ್ ಕಡ್ಡಿ ಎಳೆದು ನೋಡಿದೆ. ಹೊಸ ಆಯಿಲ್ ಅಂದರೆ ಆಲೆಮನೆ ಕೊಪ್ಪರಿಗೆಯಲ್ಲಿ ಪಾಕ ಬರೋ ಹೊತ್ತಿಗೆ ಇರುತ್ತಲ್ಲ, ಆ ಬಣ್ಣ ಇರಬೇಕು. ಪೆಟ್ರೋಲ್ ಗಾಡಿಯಲ್ಲಿ ಎರಡು ಮೂರು ದಿನಕ್ಕೆಲ್ಲ ಅದು ಕೆಡಲ್ಲ. ಕಡ್ಡಿ ಮೇಲಿದ್ದದ್ದು ಕಾಕಂಬಿ. ಸಕ್ಕರೆ ಫ್ಯಾಕ್ಟರಿ ಊರಿನವನು ನಾನು, ಕಾಕಂಬಿ ನನಗೆ ಗೊತ್ತು.

ಫೋನ್ ಮಾಡಿದೆ. "ಫ್ಲಶ್ ಮಾಡಿದ್ವಲ್ಲ ಸಾ, ಒಳ್ಗಿನ್ ಕೊಳೆ ಎಲ್ಲ ಬುಟ್ಕತಾ ಐತೆ, ಅದುಕ್ಕೇ ಕಪ್ಪು." ನಂಬಿದೆ ಕಣ್ರೀ. ಅವತ್ತೂ ನಂಬಿದೆ! ಫ್ಲಶ್ ಮಾಡಿದ್ದರೆ ಕೊಳೆ ಹಳೇ ಆಯಿಲ್ ಜೊತೆಗೇ ಇಳಿದು ಹೋಗಿರಬೇಕಲ್ವಾ ಅಂತ ರಾತ್ರಿ ಹೊಳೀತು. ಆಮೇಲೆ ನಿದ್ದೆ ಎಲ್ಲಿ? ನಾಲ್ಕು ಲೀಟರ್ ಹಾಕಿದ್ದರೆ ಆಯಿಲ್ ಮೇಲಿನ ಗುರುತು ದಾಟಿ ಹೋಗಿರಬೇಕು. ಬೆಳಿಗ್ಗೆ ನೋಡಿದಾಗ ಗುರುತಿನ ಕೆಳಗೇ ಇತ್ತು. ಮಿಕ್ಕಿದ್ದು ಎಲ್ಲಿ? ಏಳನೇ ಕ್ಲಾಸಿನ ಲೆಕ್ಕ.

ಬೆಟ್ಟಕ್ಕೆ ಹೋಗೋಕೆ ಎರಡು ದಿನ ಮುಂಚೆ ರಜೆ ಹಾಕಿ ಮೈಸೂರಿಗೆ ಹೋದೆ. ಮೇಸ್ತ್ರಿ ಗುಂಡಿಗಿಳಿದು ಟಾರ್ಚ್ ಬಿಟ್ಟರು. ಸ್ವಲ್ಪ ಹೊತ್ತು ಸದ್ದೇ ಇಲ್ಲ. "ಸಾರ್, ಇಳೀರಿ ಇಲ್ಲಿ" ಅಂದರು. ಆಯಿಲ್ ಫಿಲ್ಟರಿನ ಹೊರಮೈಯನ್ನು ಆ ಅಂಗಡಿಯವರು ಡೀಸೆಲ್‌ನಲ್ಲಿ ತಿಕ್ಕಿ ಫಳಫಳ ಮಾಡಿದ್ದರು. ಆದರೆ ಒಂದು ಪಕ್ಕದಲ್ಲಿ, ಬಟ್ಟೆ ಹಿಡಿದ ಕೈ ಸರಿಯಾಗಿ ತಲುಪದ ಕಡೆ, ಬಿಳಿ ಪೇಂಟಿನಲ್ಲಿ 84310. ಎಂಟು ಅರ್ಧ ಅಳಿಸಿತ್ತು. ಮಿಕ್ಕಿದ್ದು ಸ್ಪಷ್ಟ. "ಇದು ನನ್ ಅಕ್ಷರ ಅಲ್ವಾ ಸಾರ್?" ಹೌದು, ಅವರದೇ. ಫಿಲ್ಟರ್ ಹಾಕಿದಾಗಲೆಲ್ಲ ಕಿಲೋಮೀಟರ್ ಬರೆಯೋದು ಅವರ ಅಭ್ಯಾಸ. ಈಗ ನನ್ನ ಮೀಟರಿನಲ್ಲಿ 92,700 ದಾಟಿದೆ. ಆ ಅಂಕಿ ನೋಡ್ತಾ ಗುಂಡಿಯಲ್ಲಿ ನಿಂತಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 450 ರೂಪಾಯಿ ಕೊಟ್ಟು ನನ್ನದೇ ಹಳೇ ಫಿಲ್ಟರಿಗೆ ಸ್ನಾನ ಮಾಡಿಸಿಕೊಂಡು ಬಂದಿದ್ದೆ.

ಆಯಿಲ್ ಪೂರ್ತಿ ಇಳಿಸಿದರು. ಬೆರಳಲ್ಲಿ ಉಜ್ಜಿ ಗ್ರೇಡ್ ಹೇಳೋರನ್ನು ನಂಬಬೇಡಿ ಅಂತ ಅವರೇ ಅಂದರು, ಆದರೆ ಇದು ಹೊಸದಂತೂ ಅಲ್ಲ ಅಂದರು. ಹಳೇದನ್ನೇ ಬಿಟ್ಟಿದ್ರೋ, ಡ್ರಮ್ಮಿನ ಲೂಸ್ ಆಯಿಲ್ ಸುರಿದ್ರೋ, ಆ ಮಾದಪ್ಪನಿಗೇ ಗೊತ್ತು. ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಬೈಪಾಸ್ ವಾಲ್ವ್ ತೆರೆದುಕೊಂಡು ಸೋಸದ ಆಯಿಲ್ ಸೀದಾ ಇಂಜಿನ್ನಿಗೆ ಹೋಗುತ್ತಂತೆ. ಅಂದರೆ ಗಾಡಿ ನಿಲ್ಲಲ್ಲ, ನಮಗೆ ಗೊತ್ತೂ ಆಗಲ್ಲ, ಒಳಗೆ ಸವೀತಾ ಇರುತ್ತೆ. ಇದಕ್ಕೇ ಇವರಿಗೆ ಧೈರ್ಯ.

ಫಿಲ್ಟರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ವಾಪಸ್ ಆ ಅಂಗಡಿಗೆ ಹೋದೆ.

"ಯಾವ್ ಗಾಡಿದೋ ತಂದ್ಬುಟ್ಟು ನಮ್ದು ಅಂತೀರಲ್ಲ ಸಾ."

ನಂಬರ್ ತೋರಿಸಿದೆ. "ನಮ್ ಹುಡ್ಗ ಬರ್ದಿರ್ಬೇಕು." ನಿಮ್ಮ ಹುಡುಗನಿಗೆ ಹೋದ ವರ್ಷದ ಕಿಲೋಮೀಟರ್ ಹೇಗೆ ಗೊತ್ತಾಯ್ತು ಅಂದೆ. ಹುಡುಗ ಅಲ್ಲೇ ಪಂಕ್ಚರ್ ಟೈರ್ ಮುಂದೆ ಕೂತಿದ್ದವನು ತಲೆ ಎತ್ತಲಿಲ್ಲ. "ಫಿಲ್ಟರ್ ಚೆನ್ನಾಗೇ ಇತ್ತು ಸಾ, ಕಿಲೀನ್ ಮಾಡಿ ಹಾಕುದ್ವಿ. ನಿಮ್ಗೇ ಒಳ್ಳೇದು." ಮತ್ತೆ 450? ಉತ್ತರ ಇಲ್ಲ. ಮಿಕ್ಕ ಆಯಿಲ್? "ಫ್ಲಶ್‌ಗೆ ಹಾಕುದ್ವಿ." ಫ್ಲಶ್‌ಗೆ ಬೇರೆ 600 ತಗೊಂಡಿದ್ದೀರಲ್ಲ? "ಅದು ಲಿಕ್ವಿಡ್ ದುಡ್ಡು ಸಾ, ನಿಮ್ಗೆ ಗೊತ್ತಾಗಲ್ಲ." ಜಿಎಸ್‌ಟಿ ಬಿಲ್ ಕೊಡಿ ಅಂದೆ. "ಆವತ್ತೇ ಕೇಳ್ಬೇಕಿತ್ತು. 18 ಪರ್ಸೆಂಟ್ ಮೇಲಾಯ್ತದೆ, ಕೊಡ್ತೀರಾ?"

ಆಮೇಲೆ ದನಿ ಬದಲಾಯಿತು. 2023ರಲ್ಲಿ ಹೊಸ ಹೈವೇ ಓಪನ್ ಆದ ಮೇಲೆ ಬೆಂಗಳೂರು ಗಾಡಿಗಳು ಊರೊಳಗೇ ಬರಲ್ಲ, ಬಾಡಿಗೆ ಕಟ್ಟೋದು ಹೆಂಗೆ ಅಂತ. ಒಂದು ಕ್ಷಣ ಪಾಪ ಅನ್ನಿಸಿತು, ಸುಳ್ಳು ಹೇಳಲ್ಲ. ಆದರೆ ಆ ಬಾಡಿಗೆ ನನ್ನ ಇಂಜಿನ್ ಯಾಕೆ ಕಟ್ಟಬೇಕು? ಇದನ್ನು ಸ್ವಲ್ಪ ಜೋರಾಗೇ ಕೇಳಿದೆ. ನಾಲ್ಕು ಜನ ಸೇರಿದರು. ಆಗ ಅವನು, ಎಲ್ಲರಿಗೂ ಕೇಳೋ ಹಾಗೆ, "ಮೇಷ್ಟ್ರಾಗ್ಬುಟ್ಟು ನಾನೂರ್ ರೂಪಾಯ್ಗೆ ಬೀದೀಲಿ ಕಿರುಚಾಡ್ತೀರಲ್ಲ, ನಾಚ್ಕೆ ಆಗಲ್ವಾ ಸಾ?"

ಸೇರಿದ್ದವರಲ್ಲಿ ಒಬ್ಬ ನಕ್ಕ. ನಾನು ಕವರ್ ಹಿಡಿದುಕೊಂಡು ಕಾರು ಹತ್ತಿದೆ. ನಾಲ್ಕು ಸಾವಿರಕ್ಕಿಂತ ಇದು ಹೆಚ್ಚು ಉರೀತಿದೆ.

ಅದಕ್ಕೇ ಹೇಳ್ತಿದ್ದೀನಿ. ಮ್ಯಾನುಯಲ್ ನೋಡಿ ಆಯಿಲನ್ನೂ ಫಿಲ್ಟರನ್ನೂ ನೀವೇ ಬಿಲ್ ಸಮೇತ ತನ್ನಿ, ಸೀಲ್ ನೀವೇ ಒಡೀರಿ. ಮಿಕ್ಕ ಆಯಿಲ್ ಮನೆಗೆ ತನ್ನಿ. ಖಾಲಿ ಕ್ಯಾನಿಗೆ ತೂತು ಹೊಡೆಸಿ, ಇಲ್ಲದಿದ್ದರೆ ಅದರೊಳಗೆ ಇನ್ನೇನೋ ತುಂಬಿ ಇನ್ಯಾರಿಗೋ ಮಾರ್ತಾರೆ. ಬಿಚ್ಚಿದ ಹಳೇ ಫಿಲ್ಟರ್ ಕೈಗೆ ಕೊಡಿ ಅನ್ನಿ, ಕೊಡಲ್ಲ ಅಂದರೆ ಅಲ್ಲೇ ಅರ್ಥ ಮಾಡಿಕೊಳ್ಳಿ. ಹೊಸದರ ಮೇಲೆ ಮಾರ್ಕರ್‌ನಲ್ಲಿ ಕಿಲೋಮೀಟರ್ ಬರೀರಿ. ಮುಖ್ಯವಾಗಿ, ಟೀ ಕುಡಿಯೋಕೆ ಹೋಗಬೇಡಿ. ಎಷ್ಟೇ ಬಿಸಿಲಿರಲಿ, ಯಾರೇ ಗುರುಗಳೇ ಅನ್ನಲಿ, ಹೋಗಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ. ಚೀಟಿ ಎಸ್ಟಿಮೇಟ್ ಆದರೂ ದುಡ್ಡು ಕಳಿಸಿದ ದಾಖಲೆ ಫೋನಲ್ಲಿದೆ. ದೂರಿನ ನಂಬರನ್ನು ಅವನಿಗೂ ವಾಟ್ಸಾಪ್‌ನಲ್ಲಿ ಹಾಕಿದೆ. ನಿನ್ನೆ ಸಂಜೆ ನನ್ನ ಖಾತೆಗೆ 450 ರೂಪಾಯಿ ಬಂತು, ಜೊತೆಗೊಂದು ಮೆಸೇಜು: "ಫಿಲ್ಟರ್ ದುಡ್ಡು ಸಾ. ಆಯಿಲ್ ಮಾತ್ರ ಒರಿಜಿನಲ್ಲೇ." ಮಿಕ್ಕ 3,550 ಯಾವಾಗ ಅಂತ ಕೇಳಿದ್ದೀನಿ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.