ಕಾರು ನಿಮ್ಮ ಹೆಸರಿನಲ್ಲಿದ್ದರೆ, ಕುಡಿದವರ ಕೈಗೆ ಕೀಲಿ ಕೊಡುವ ಮೊದಲು ಇದನ್ನು ಓದಿ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ಮಂಗಳೂರಿನ ಸಂಬಂಧಿಕರ ಮನೆಯ ಮೆಹೆಂದಿ ಮುಗಿಸಿ ಉಡುಪಿಗೆ ಹಿಂದಿರುಗುತ್ತಿದ್ದಾಗ, ನನ್ನ ಪತಿ ಚಲಾಯಿಸುತ್ತಿದ್ದ ನಮ್ಮ ಕಾರು ಕುಳಾಯಿಯ ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸ್ಕೂಟರೊಂದಕ್ಕೆ ಹಿಂದಿನಿಂದ ಗುದ್ದಿತು. ಪತಿ ಕುಡಿದಿದ್ದರು. ‘ನಮ್ಮ ಕಾರು’ ಎಂದು ರೂಢಿಯಂತೆ ಬರೆದೆನಾದರೂ, ಅದು ನಾನು ಸಾಲ ಮಾಡಿ ಕೊಂಡು ನನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡ ಕಾರು. ಕುಡಿದವರು ಅವರು, ಬಂಧನಕ್ಕೊಳಗಾದವರೂ ಅವರೇ. ಆದರೆ ಅಂದಿನಿಂದ ಇಂದಿನವರೆಗೆ ಪೊಲೀಸು, ನ್ಯಾಯಾಲಯ ಮತ್ತು ವಿಮಾ ಕಂಪನಿಯಿಂದ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಹೆಸರಿಗೆ ಬಂದಿವೆ. ಇದನ್ನು ಬರೆಯಲು ಅದೇ ಕಾರಣ.

ಕರಾವಳಿಯ ಮೆಹೆಂದಿ ಈಗ ಹೇಗಿರುತ್ತದೆಂದು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಅಂಗಳದಲ್ಲಿ ಡಿ.ಜೆ., ಮನೆಯ ಹಿಂಭಾಗದಲ್ಲಿ ಗಂಡಸರಿಗೆ ಬೇರೆಯದೇ ವ್ಯವಸ್ಥೆ. ಪತಿ ಕುವೈತಿನಿಂದ ರಜೆಯಲ್ಲಿ ಬಂದಿದ್ದರು. ಮದ್ಯವೇ ನಿಷಿದ್ಧವಾಗಿರುವ ದೇಶದಿಂದ ಬಂದವರನ್ನು ಕಂಡರೆ ನಮ್ಮವರ ಉಪಚಾರ ತುಸು ಹೆಚ್ಚೇ ಆಗುತ್ತದೆ. ಹೊರಟಾಗ ಹನ್ನೊಂದೂವರೆ. ಕೀಲಿ ನನ್ನ ಬ್ಯಾಗಿನಲ್ಲಿತ್ತು. ನನಗೂ ಚಾಲನಾ ಪರವಾನಗಿ ಇದೆ, ಉಡುಪಿ ಪೇಟೆಯೊಳಗೆ ಕಾರು ಓಡಿಸುತ್ತೇನೆ, ಆದರೆ ರಾತ್ರಿ ಹೆದ್ದಾರಿಯ ಟ್ಯಾಂಕರುಗಳ ನಡುವೆ ಓಡಿಸಲು ಹೆದರುತ್ತಿದ್ದೆ. ಬಾಡಿಗೆ ಕಾರು ಕರೆಯೋಣವೆಂದರೆ, "ಮೂರೇ ಪೆಗ್, ಊಟವೂ ಆಗಿದೆ, ಏನೂ ಆಗುವುದಿಲ್ಲ" ಎಂದರು. ಅವರ ನಾಲಗೆ ತೊದಲುತ್ತಿತ್ತು. ಅದು ನನಗೆ ಗೊತ್ತಾಗಿತ್ತು. ಆದರೂ ಕೀಲಿ ಕೊಟ್ಟೆ.

ಸ್ಕೂಟರಿನಲ್ಲಿದ್ದವನು ಬೈಕಂಪಾಡಿಯಲ್ಲಿ ಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದ ಇಪ್ಪತ್ತನಾಲ್ಕರ ಹುಡುಗ. ಬಲಗಾಲಿನ ಮೂಳೆ ಮುರಿದಿತ್ತು. ನೆರೆದವರು ಆಂಬ್ಯುಲೆನ್ಸ್ ಕರೆಸಿ ಅವನನ್ನು ಆಸ್ಪತ್ರೆಗೆ ಕಳುಹಿಸಿದರು. ಸ್ವಲ್ಪ ಹೊತ್ತಿನಲ್ಲಿ ಸಂಚಾರ ಪೊಲೀಸರು ಬಂದರು. ಆ ಹತ್ತು ಹದಿನೈದು ನಿಮಿಷಗಳಲ್ಲಿ ದೂರವಾಣಿಯಲ್ಲಿ ನಮಗೆ ಸಿಕ್ಕಿದ ಸಲಹೆಗಳನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಭಾವನವರು, "ನೀನೇ ಓಡಿಸುತ್ತಿದ್ದೆ ಎಂದು ಹೇಳಿಬಿಡು, ನೀನು ಕುಡಿದಿಲ್ಲವಲ್ಲ, ಕೇಸು ಹಗುರವಾಗುತ್ತದೆ" ಎಂದರು. ಪತಿಯ ಗೆಳೆಯರೊಬ್ಬರು, ಯಂತ್ರಕ್ಕೆ ಊದಲು ಒಪ್ಪಬೇಡಿ, ಊದದಿದ್ದರೆ ಸಾಕ್ಷ್ಯವೇ ಇರುವುದಿಲ್ಲ ಎಂದರು. ಎರಡೂ ಮಾತುಗಳು ನಮ್ಮನ್ನು ಇನ್ನಷ್ಟು ಆಳಕ್ಕೆ ತಳ್ಳುವಂಥವಾಗಿದ್ದವು.

ಮೊದಲನೆಯದನ್ನು ಹೇಳಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಲ್ಲಿದ್ದ ಅಧಿಕಾರಿ, "ಮೇಡಂ, ಗಾಡಿ ನಿಮ್ಮದಾದರೆ ಓಡಿಸುತ್ತಿದ್ದವರು ಯಾರೆಂದು ನೀವು ಹೇಳಬೇಕಾಗುತ್ತದೆ, ಯೋಚಿಸಿ ಹೇಳಿ" ಎಂದರು. ಮೋಟಾರು ವಾಹನ ಕಾಯ್ದೆಯ ಕಲಂ 133ರ ಪ್ರಕಾರ, ಪೊಲೀಸರು ಕೇಳಿದಾಗ ಚಾಲಕನ ಹೆಸರು ಮತ್ತು ಪರವಾನಗಿಯ ಮಾಹಿತಿಯನ್ನು ಕೊಡುವುದು ಮಾಲೀಕರ ಕರ್ತವ್ಯವೆಂದು ನನಗೆ ಆಮೇಲೆ ತಿಳಿಯಿತು. ಪತಿ ಚಾಲಕನ ಬಾಗಿಲಿನಿಂದ ಇಳಿದದ್ದನ್ನು ಐದಾರು ಜನ ನೋಡಿದ್ದರು. ನಾನು ಸುಳ್ಳು ಹೇಳಿದ್ದರೆ, ಅಪರಾಧಿಯನ್ನು ಉಳಿಸಲು ಸುಳ್ಳು ಮಾಹಿತಿ ಕೊಟ್ಟ ಬೇರೆಯೇ ಪ್ರಕರಣ ನನ್ನ ಮೇಲೆ ದಾಖಲಾಗುವ ಸಾಧ್ಯತೆಯಿತ್ತು. ಇನ್ನು ಊದಲು ನಿರಾಕರಿಸುವ ವಿಷಯ: ಸಕಾರಣವಿಲ್ಲದೆ ಪರೀಕ್ಷೆಗೆ ಒಪ್ಪದಿದ್ದರೆ, ಆ ನಿರಾಕರಣೆಯೇ ಆರೋಪಕ್ಕೆ ಬಲ ಕೊಡುವ ಸಂಗತಿಯೆಂದು ಕಲಂ 205 ಹೇಳುತ್ತದೆ.

ಪತಿ ಊದಿದರು. ಕಾನೂನಿನ ಮಿತಿ 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿ ಗ್ರಾಂ ಮದ್ಯಸಾರ. ಯಂತ್ರ 112 ತೋರಿಸಿತು. ‘ಮೂರೇ ಪೆಗ್’ ಎಂಬುದರ ಅರ್ಥ ಅಲ್ಲಿಯೇ ತಿಳಿಯಿತು. ಚೀಟಿಗೆ ಸಹಿ ಹಾಕಿಸಿಕೊಂಡು ಅವರನ್ನು ಬಂಧಿಸಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ರಕ್ತದ ಮಾದರಿ ತೆಗೆಸಿದರು. ಕುಡಿದು ಚಲಾಯಿಸಿದ ಆರೋಪದಲ್ಲಿ ಬಂಧಿಸಿದವರನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಡಬೇಕು ಎಂಬ ನಿಯಮವಿರುವುದರಿಂದ ಆ ಕೆಲಸದಲ್ಲಿ ಅವರು ಒಂದು ನಿಮಿಷವನ್ನೂ ಹಾಳುಮಾಡಲಿಲ್ಲ. ಕುಡಿದು ಚಲಾಯಿಸುವುದನ್ನು ಶಿಕ್ಷಿಸುವ ಮೋಟಾರು ವಾಹನ ಕಾಯ್ದೆಯ ಕಲಂ 185ರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125(ಬಿ) ಕಲಮುಗಳೂ ಸೇರಿದವು. ಮೂಳೆ ಮುರಿತವನ್ನು ಕಾನೂನು ತೀವ್ರ ಗಾಯವೆಂದು ಪರಿಗಣಿಸುವುದರಿಂದ ಕೊನೆಯದಕ್ಕೆ 3 ವರ್ಷಗಳವರೆಗೆ ಶಿಕ್ಷೆಯಿದೆ. ಎಲ್ಲವೂ ಜಾಮೀನು ಸಿಗುವ ಅಪರಾಧಗಳಾದ ಕಾರಣ, ಬೆಳಗಿನ ಜಾವ ಮುಚ್ಚಳಿಕೆ ಬರೆಸಿಕೊಂಡು ಠಾಣೆಯಿಂದಲೇ ಬಿಟ್ಟರು.

ನನ್ನ ಹೇಳಿಕೆಯನ್ನೂ ಬರೆದುಕೊಂಡರು. ಅವರು ಕುಡಿದಿದ್ದು ನಿಮಗೆ ಗೊತ್ತಿತ್ತೇ ಎಂದು ಕೇಳಿದಾಗ, ಗೊತ್ತಿತ್ತು ಎಂದೆ. ವಾರದ ನಂತರ ವಕೀಲರು ಮೋಟಾರು ವಾಹನ ಕಾಯ್ದೆಯ ಕಲಂ 188 ತೆರೆದು ತೋರಿಸಿದರು: ಕುಡಿದು ಚಲಾಯಿಸುವುದಕ್ಕೆ ಕುಮ್ಮಕ್ಕು ನೀಡಿದವರಿಗೂ ಅದೇ ಅಪರಾಧದ ಶಿಕ್ಷೆ, ಅಂದರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ನನ್ನ ಮೇಲೆ ಆ ಕಲಂ ಹಾಕಲಿಲ್ಲ. ಆದರೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಗುವವರೆಗೂ, ಗಂಡನ ಪಕ್ಕದಲ್ಲಿ ಕುಳಿತಿದ್ದ ಮಾತ್ರಕ್ಕೆ ಆರೋಪಿಯಾಗುತ್ತೇನೆಯೇ, ಕೀಲಿಯನ್ನು ಕೈಯಾರೆ ಕೊಟ್ಟದ್ದಕ್ಕೆ ಆಗುತ್ತೇನೆಯೇ ಎಂದು ಲೆಕ್ಕ ಹಾಕುತ್ತಾ ಎಷ್ಟೋ ರಾತ್ರಿ ನಿದ್ರೆಗೆಟ್ಟೆ.

ಠಾಣೆಯಿಂದ ಬಿಟ್ಟರೆಂದರೆ ದಂಡ ಕಟ್ಟಿ ಮುಗಿಸಬಹುದೆಂದು ಮನೆಯವರೆಲ್ಲ ತಿಳಿದಿದ್ದರು. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟುವಂತೆ 185ರ ಪ್ರಕರಣವನ್ನು ಕಟ್ಟಿ ಮುಗಿಸಲು ಬರುವುದಿಲ್ಲ, ಅದು ನ್ಯಾಯಾಲಯಕ್ಕೇ ಹೋಗಬೇಕು. ಈ ತಿಳಿವಳಿಕೆ ಇಲ್ಲದಿದ್ದುದರಿಂದಲೇ ನನ್ನ ಮಾವನವರು ಮೋಸಹೋದರು. ‘ಎಲ್ಲರೂ ಪರಿಚಯ’ ಎನ್ನುತ್ತಾ ಬಂದ ಒಬ್ಬ ದಲ್ಲಾಳಿ, ರಕ್ತದ ವರದಿಯಲ್ಲಿ ‘ಏನೂ ಇಲ್ಲ’ ಎಂದು ಬರುವಂತೆ ಮಾಡಿಸುವುದಾಗಿ ಹೇಳಿ 20,000 ರೂಪಾಯಿ ನಗದು ಪಡೆದುಕೊಂಡ. ವರದಿ ಬರಬೇಕಾದಂತೆಯೇ ಬಂತು, ಅವನ ದೂರವಾಣಿ ಮಾತ್ರ ಸ್ತಬ್ಧವಾಯಿತು. ದೂರು ಕೊಡೋಣವೆಂದರೆ, ಲಂಚ ಕೊಡಲು ಹೋಗಿದ್ದೆವು ಎಂದು ನಾವೇ ಬರೆದುಕೊಡಬೇಕಾಗುತ್ತಿತ್ತು. ಇಂಥವರು ನಿಮ್ಮ ಬಳಿಗೆ ತಾವಾಗಿಯೇ ಬರುತ್ತಾರೆ, ಅದೂ ನೀವು ಹೆಚ್ಚು ಹೆದರಿರುವ ಮೊದಲ ಎರಡು ದಿನಗಳಲ್ಲೇ ಬರುತ್ತಾರೆ.

ಕಾರು ಠಾಣೆಯ ಅಂಗಳದಲ್ಲಿತ್ತು. ಮೋಟಾರು ವಾಹನ ನಿರೀಕ್ಷಕರ ತಪಾಸಣೆ ಮುಗಿಯಬೇಕು, ಆಮೇಲೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಮಧ್ಯಂತರ ಸ್ವಾಧೀನಕ್ಕೆ ಪಡೆಯಬೇಕು, ಮತ್ತು ಅರ್ಜಿದಾರರು ನೋಂದಾಯಿತ ಮಾಲೀಕರೇ ಆಗಿರಬೇಕು. ಹೀಗಾಗಿ ರಜೆ ಹಾಕಿ ಮಂಗಳೂರಿಗೆ ಓಡಾಡಿದವಳು ನಾನು. ಮೂಲ ಆರ್.ಸಿ., ವಿಮಾ ಪತ್ರ, ಆಧಾರ್, ನಷ್ಟ ಭರ್ತಿಯ ಬಾಂಡ್, ಇವಿಷ್ಟರ ಜೊತೆಗೆ ಪಹಣಿ ಹಿಡಿದು ಬರುವ ಜಾಮೀನುದಾರರೊಬ್ಬರು ಬೇಕಿತ್ತು. ಮದುವೆಗೆ ನಾನೂರು ಜನ ಬರುತ್ತಾರೆ, ಪಹಣಿ ಹಿಡಿದು ನ್ಯಾಯಾಲಯಕ್ಕೆ ಬರಲು ಒಬ್ಬರು ಸಿಗುವುದು ಕಷ್ಟ. ಕಡೆಗೆ ನನ್ನ ಚಿಕ್ಕಪ್ಪ ಬ್ರಹ್ಮಾವರದಿಂದ ಬೆಳಗಿನ ಬಸ್ಸು ಹತ್ತಿ ಬಂದರು. ಕಾರು ಕೈಗೆ ಬರುವಷ್ಟರಲ್ಲಿ 23 ದಿನ ಕಳೆದು, ಮಳೆ ಹಿಡಿದು, ಒಡೆದ ಗಾಜಿನ ಮೂಲಕ ನೀರು ಇಳಿದು ಸೀಟುಗಳಿಗೆಲ್ಲ ಬೂಷ್ಟು ಹಿಡಿದಿತ್ತು.

ರಿಪೇರಿಗೆ 1,38,000 ರೂಪಾಯಿ ಆಯಿತು. ವಿಮಾ ಕಂಪನಿ ಒಂದು ರೂಪಾಯಿಯನ್ನೂ ಕೊಡಲಿಲ್ಲ, ಮತ್ತು ಅದರಲ್ಲಿ ಅವರ ತಪ್ಪೂ ಇಲ್ಲ. ಚಾಲಕ ಮದ್ಯದ ಅಮಲಿನಲ್ಲಿದ್ದರೆ ಸ್ವಂತ ವಾಹನದ ಹಾನಿಗೆ ಪರಿಹಾರವಿಲ್ಲವೆಂದು ಪಾಲಿಸಿಯಲ್ಲೇ ಅಚ್ಚಾಗಿತ್ತು. ವರ್ಷ ವರ್ಷವೂ ಕಂತು ಕಟ್ಟಿದ ನಾನು ಆ ಪುಟವನ್ನು ಓದಿರಲಿಲ್ಲ.

ಪತಿಯ ಪರವಾನಗಿ ಅಮಾನತಾಯಿತು. ಆ ಅವಧಿಯಲ್ಲಿ ‘ಹಾಲು ತರಲು ಇಲ್ಲೇ ಹೋಗಿ ಬರುತ್ತೇನೆ’ ಎಂದು ಅವರು ಕಾರು ತೆಗೆದರೂ ಅವರಿಗೆ ಶಿಕ್ಷೆ, ತಿಳಿದೂ ಬಿಟ್ಟುಕೊಟ್ಟ ಮಾಲೀಕಳಾದ ನನಗೂ ಶಿಕ್ಷೆ. ಇದಕ್ಕಿಂತ ದೊಡ್ಡ ಪೆಟ್ಟು ಪಾಸ್‌ಪೋರ್ಟಿನದು. ಅದರ ನವೀಕರಣ ಆ ವರ್ಷವೇ ಇತ್ತು, ಪೊಲೀಸ್ ಪರಿಶೀಲನೆಯಲ್ಲಿ ಪ್ರಕರಣ ಬಾಕಿಯಿದೆ ಎಂದು ವರದಿಯಾಯಿತು. ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿ ಇರುವಾಗ ಪಾಸ್‌ಪೋರ್ಟ್ ನಿರಾಕರಿಸಲು ಅವಕಾಶವಿದೆ. ಪ್ರಯಾಣಕ್ಕೆ ಆ ನ್ಯಾಯಾಲಯದ ಅನುಮತಿ ತರಬೇಕು. ಅನುಮತಿ ಸಿಕ್ಕಿತು, ಆದರೆ ಅಷ್ಟರಲ್ಲಿ ರಜೆ ಮುಗಿದು ಎರಡು ತಿಂಗಳಾಗಿತ್ತು, ಕುವೈತಿನ ಕೆಲಸ ಬೇರೆಯವರ ಪಾಲಾಗಿತ್ತು. ಕೊಲ್ಲಿ ದೇಶಗಳಲ್ಲಿ ದುಡಿಯುವವರ ಮನೆಗಳು ಇಲ್ಲಿ ಬೀದಿಗೊಂದಾದರೂ ಇವೆ. ರಜೆಯಲ್ಲಿ ಬಂದವರ ಕೈಗೆ ಗ್ಲಾಸು ಕೊಡುವವರು ಇದನ್ನು ದಯವಿಟ್ಟು ಯೋಚಿಸಬೇಕು.

ಎಲ್ಲ ಒಂದು ಹದಕ್ಕೆ ಬಂತೆಂದುಕೊಂಡಿದ್ದಾಗ, ಅಪಘಾತವಾಗಿ ಏಳು ತಿಂಗಳ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದಿಂದ ನೋಟಿಸು ಬಂತು. ಆ ಹುಡುಗ ಪರಿಹಾರ ಕೋರಿದ್ದಾನೆ, ಕೋರಲೇಬೇಕು. ಎರಡು ಶಸ್ತ್ರಚಿಕಿತ್ಸೆಯಾಗಿದೆ, ನಿಂತು ಮಾಡುವ ಕೆಲಸಕ್ಕೆ ಅವನಿನ್ನೂ ಮರಳಿಲ್ಲ. ಅರ್ಜಿಯಲ್ಲಿ ಎದುರುದಾರರು ಇಬ್ಬರೇ: ಒಂದನೆಯವಳು ಮಾಲೀಕಳಾದ ನಾನು, ಎರಡನೆಯದು ವಿಮಾ ಕಂಪನಿ. ಪತಿಯ ಹೆಸರು ‘ಚಾಲಕ’ ಎಂಬ ಸಾಲಿನಲ್ಲಿ ಒಮ್ಮೆ ಬಂದುಹೋಗುತ್ತದೆ, ಅಷ್ಟೇ. ಇಂಥ ಪ್ರಕರಣಗಳಲ್ಲಿ ಗಾಯಾಳುವಿಗೆ ಮೊದಲು ವಿಮಾ ಕಂಪನಿಯೇ ಹಣ ಕೊಟ್ಟು, ನಂತರ ಅದನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗುವುದುಂಟು ಎಂದು ವಕೀಲರು ಎಚ್ಚರಿಸಿದ್ದಾರೆ. ಕಂಪನಿ ತನ್ನ ತಕರಾರಿನಲ್ಲಿ ಕೇಳಿರುವುದೂ ಅದನ್ನೇ. ಚಾಲಕ ಕುಡಿದಿದ್ದಾನೆಂದು ತಿಳಿದೇ ಮಾಲೀಕಳು ವಾಹನ ಒಪ್ಪಿಸಿದ್ದಾಳೆ ಎಂಬುದಕ್ಕೆ ಆಧಾರವಾಗಿ ಅವರು ಲಗತ್ತಿಸಿರುವುದು ಆ ರಾತ್ರಿ ಠಾಣೆಯಲ್ಲಿ ನಾನೇ ಕೊಟ್ಟ ಹೇಳಿಕೆಯ ಪ್ರತಿ. ಅದನ್ನು ಅಲ್ಲಗಳೆಯಲು ನಾನು ವಕೀಲರಿಗೆ ಹೇಳಿಲ್ಲ. ಮುಂದಿನ ತಾರೀಖಿಗೆ ಮೂರು ವಾರವಿದೆ. ಮಂಗಳೂರಿಗೆ ಕಾರು ಓಡಿಸುವವಳು ನಾನೇ, ಪತಿ ಪಕ್ಕದ ಸೀಟಿನಲ್ಲಿ ಕೂರುತ್ತಾರೆ.