ಗುಲಾಬಿಯ ರೆಂಬೆ ಸವರಲು ದಸರೆಯೋ, ದೀಪಾವಳಿಯೋ?

ಬೆಂಗಳೂರಿನ ನಮ್ಮ ಮನೆಯ ಮುಂದಿನ ಪಾತಿಯಲ್ಲಿದ್ದ ಒಂಬತ್ತು ಗುಲಾಬಿ ಗಿಡಗಳಲ್ಲಿ ಎರಡನ್ನು ಕಳೆದುಕೊಂಡ ಮೇಲೆ ಇದನ್ನು ಬರೆಯುತ್ತಿರುವುದರಿಂದ, ನನ್ನ ಒಲವು ದೀಪಾವಳಿಯ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. 2024ರಲ್ಲಿ ಮೂರು ಗಿಡಗಳನ್ನು ಆಯುಧಪೂಜೆಯ ಮರುದಿನ, ಮೂರನ್ನು ಬಲಿಪಾಡ್ಯಮಿಯ ಮರುದಿನ, ಉಳಿದ ಮೂರನ್ನು 2025ರ ಫೆಬ್ರುವರಿಯಲ್ಲಿ ಸವರಿದೆ. ಎಲ್ಲವೂ ಉದ್ದ ಕಡ್ಡಿಗೆ ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ಜಾತಿಯ ಗುಲಾಬಿಗಳೇ.

ದಸರೆಯ ಪರವಾದ ವಾದವೇನೂ ಸುಳ್ಳಲ್ಲ. ಸವರಿದ ಗಿಡ ಸುಮಾರು ಆರೇಳು ವಾರಗಳಲ್ಲಿ ಹೂ ಬಿಡುವುದರಿಂದ ಡಿಸೆಂಬರಿಗೆ ಮೊದಲೇ ಹೂವು ಕೈಗೆ ಬರುತ್ತದೆ. ಕತ್ತರಿಯೂ ಪೂಜೆಗೆಂದು ಸಾಣೆ ಹಿಡಿಸಿಕೊಂಡು ಸಿದ್ಧವಾಗಿರುತ್ತದೆ. ಆದರೆ ಬೆಂಗಳೂರಿಗೆ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಅಕ್ಟೋಬರ್ ಕೂಡ ಒಂದು ಎಂಬುದನ್ನು ನಾನು ಮರೆತಿದ್ದೆ. ಆ ವರ್ಷ ಅಕ್ಟೋಬರ್ ಮಧ್ಯದಲ್ಲಿ ಸುರಿದ ಮಳೆಗೆ ಕೊಯ್ದ ತುದಿಗಳು ಒಣಗಲೇ ಇಲ್ಲ.

ಮೊದಲು ಒಂದು ರೆಂಬೆಯ ತುದಿ ಕಪ್ಪಾಯಿತು. ತೋಟದವರು ಡೈಬ್ಯಾಕ್ ಎನ್ನುವ, ತುದಿಯಿಂದ ಕೆಳಕ್ಕೆ ಒಣಗುತ್ತಾ ಇಳಿಯುವ ಶಿಲೀಂಧ್ರ ರೋಗವಿದು. ಕಪ್ಪಾದ ಭಾಗಕ್ಕಿಂತ ಒಂದಂಗುಲ ಕೆಳಗೆ, ಒಳಗಿನ ತಿರುಳು ಬೆಳ್ಳಗೆ ಕಾಣುವಲ್ಲಿ ಮತ್ತೆ ಕತ್ತರಿಸಿದೆ. ಆ ಹೊಸ ಗಾಯಕ್ಕೂ ಅಂದೇ ಸಂಜೆ ಮಳೆ ಬಿತ್ತು. ಮೈಲುತುತ್ತ ಮತ್ತು ಸುಣ್ಣವನ್ನು ತಲಾ 100 ಗ್ರಾಂ ತೆಗೆದುಕೊಂಡು, ಒಂದು ಲೀಟರ್ ನೀರಿನಲ್ಲಿ, ಕಬ್ಬಿಣವಲ್ಲದೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿಯೇ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು ಕಲಸಿ ಹಳೆಯ ಬ್ರಷ್ಷಿನಿಂದ ಹಚ್ಚಿದರೆ, ಅದು ಒಣಗುವ ಮೊದಲೇ ತೊಳೆದುಹೋಗಿ ಪಾತಿಯ ಅಂಚಿನ ಕಲ್ಲೆಲ್ಲ ನೀಲಿಯಾಯಿತು. ಮೂರು ಗಿಡಗಳಿಗೆ ಬೇಕಾದದ್ದು ನಾಲ್ಕು ಚಮಚೆ. ಉಳಿದದ್ದನ್ನು ಇಟ್ಟು ಬಳಸುವಂತಿಲ್ಲ. ಹೀಗೆ ಕತ್ತರಿಸುತ್ತಾ, ಹಚ್ಚುತ್ತಾ ಹೋಗಿ, ಕಪ್ಪು ಕಸಿಯ ಗಂಟಿನವರೆಗೂ ಇಳಿದ ಎರಡು ಗಿಡಗಳನ್ನು ನವೆಂಬರಿನಲ್ಲಿ ಕಿತ್ತೆ. ಅವುಗಳಲ್ಲಿ ಒಂದು ಆರು ವರ್ಷದ ಗ್ಲಾಡಿಯೇಟರ್ ತಳಿಯ ಗಿಡ.

ನವೆಂಬರ್ 3ರಂದು ಸವರಿದ ಗಿಡಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಹೊರಮುಖವಾದ ಚಿಗುರುಗಣ್ಣಿನ ಮೇಲೆ, ನೆಲದಿಂದ ಒಂದೂವರೆ ಅಡಿಯ ಎತ್ತರಕ್ಕೆ ಕತ್ತರಿಸಿ ಅದೇ ಮುಲಾಮು ಹಚ್ಚಿದೆ. ಎರಡು ಗಂಟೆಯಲ್ಲಿ ಒಣಗಿತು. ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಜಿಟಿಜಿಟಿ ಮಳೆ ಬರುವ ಹೊತ್ತಿಗೆ ಗಾಯಗಳು ಮಾಗಿದ್ದವು. ಇಬ್ಬನಿಯ ದಿನಗಳಲ್ಲಿ ಎಳೆ ಎಲೆಗಳಿಗೆ ಬೂದಿ ರೋಗ ಬಂದದ್ದು ನಿಜವಾದರೂ, ನೀರಿನಲ್ಲಿ ಕರಗುವ ಗಂಧಕವನ್ನು ಎರಡು ಸಲ ಸಿಂಪಡಿಸಿದ್ದರಿಂದ ಹತೋಟಿಗೆ ಬಂತು. ಕ್ರಿಸ್‌ಮಸ್ ಸುಮಾರಿಗೆ ಮೊದಲ ಹೂವು ಅರಳಿತು.

ಫೆಬ್ರುವರಿಯಲ್ಲಿ ಸವರಿ ಎಂಬ ಸಲಹೆ ಹಿಮ ಬೀಳುವ ದೇಶಗಳದ್ದು. ಅಲ್ಲಿ ಚಳಿಗೆ ಮೊದಲು ಸವರಿದರೆ ಎಳೆ ಚಿಗುರು ಹೆಪ್ಪುಗಟ್ಟಿ ಸಾಯುತ್ತದೆ. ಬೆಂಗಳೂರಿನಲ್ಲಿ ಆ ಭಯವಿಲ್ಲ. ನನ್ನ ಮೂರು ಗಿಡಗಳು ಮಾರ್ಚ್ ಕೊನೆಯ ಬಿಸಿಲಿಗೆ ಸಿಕ್ಕಿ, ಎರಡೇ ದಿನದಲ್ಲಿ ಬಣ್ಣಗೆಡುವ ಸಣ್ಣ ಹೂಗಳನ್ನು ಬಿಟ್ಟವು.

ದಿನವೂ ಔಷಧಿ ಹಿಡಿದು ಗಿಡದ ಮುಂದೆ ನಿಲ್ಲಬಲ್ಲವರಿಗೆ ಅಥವಾ ಮಳೆಗೆ ಮರೆ ಕಟ್ಟಬಲ್ಲವರಿಗೆ ದಸರೆ ಒಗ್ಗಬಹುದು. ವಾರಕ್ಕೊಂದು ಭಾನುವಾರ ಮಾತ್ರ ತೋಟಕ್ಕಿಳಿಯುವ, ಹೊಸ ಗಿಡಕ್ಕೆ ದುಡ್ಡು ಕೊಡಲು ಹಿಂದೆಮುಂದೆ ನೋಡುವ ನನಗೆ ಅದು ಒಗ್ಗದು. 2025ರಲ್ಲಿ ದೀಪಾವಳಿ ಅಕ್ಟೋಬರ್ 20ಕ್ಕೇ ಬಂದಾಗ ಹಬ್ಬವನ್ನೂ ಕೈಬಿಟ್ಟು, ಸತತ ನಾಲ್ಕು ದಿನ ಒಣಹವೆ ಕಾಣುವವರೆಗೆ ಕತ್ತರಿಯನ್ನು ಮುಟ್ಟಲಿಲ್ಲ.